ಇರುಳನ್ನು ಅಳೆಯುವ ಹೂವು

ಒಂದು ಹಳದಿ ಸೇವಂತಿಗೆ ಕೈಗೆತ್ತಿಕೊಳ್ಳಿ. ಆಯುಧಪೂಜೆಗೆ ಮಾರುಗಟ್ಟಲೆ ತಂದದ್ದರಲ್ಲಿ ಉಳಿದದ್ದಾದರೂ ಸರಿ. ಹೊರಸುತ್ತಿನ ಒಂದೇ ಒಂದು ಎಸಳನ್ನು ಬುಡಸಮೇತ ಮೆಲ್ಲಗೆ ಬಿಡಿಸಿ, ಬಿಳಿ ಹಾಳೆಯ ಮೇಲಿಟ್ಟು, ಭೂತಗನ್ನಡಿ ಹಿಡಿದು ನೋಡಿ. ಬುಡದಲ್ಲಿ ಎಳ್ಳಿಗಿಂತ ಸಣ್ಣದೊಂದು ಬಿಳಿ ಗಂಟು. ಅದರ ಮೇಲೆ ಪುಟ್ಟ ಕೊಳವೆ. ಕೊಳವೆಯ ಬಾಯಿಂದ ಇಣುಕುವ, ತುದಿಯಲ್ಲಿ ಎರಡಾಗಿ ಕವಲೊಡೆದ ಹಳದಿ ಎಳೆ. ಆ ಗಂಟು ಅಂಡಾಶಯ, ಆ ಎಳೆ ಶಲಾಕೆ! ನೀವು ಬಿಡಿಸಿದ್ದು ಎಸಳಲ್ಲ, ಇಡೀ ಒಂದು ಹೂವು. ನಡುವಿನ ಬೊಟ್ಟಿನಲ್ಲಿ ಇನ್ನೂ ಸಣ್ಣ ಹೂಗಳು ಒತ್ತೊತ್ತಾಗಿ ಕೂತಿವೆ. ಒಂದೊಂದಕ್ಕೂ ಐದು ಹಲ್ಲಿನ ಬಾಯಿ. ದೊಡ್ಡ ಸೇವಂತಿಗೆಯಾದರೆ ಹೀಗೆ ನೂರಾರು. ಒಂದೇ ಒಂದನ್ನು ಮುಡಿದವರೂ ಒಂದು ತೋಟವನ್ನೇ ಮುಡಿದಿರುತ್ತಾರೆ.

ಇದಕ್ಕಿಂತ ದೊಡ್ಡ ಸೋಜಿಗ ಬೇರೆಯೇ ಇದೆ. ಶರದೃತು ಬಂತೆಂದು ಈ ಗಿಡಕ್ಕೆ ಹೇಳಿದವರು ಯಾರು? ಮಳೆ ಒಂದು ವರ್ಷ ಬೇಗ ಹಿಂದೆ ಸರಿಯುತ್ತದೆ, ಇನ್ನೊಂದು ವರ್ಷ ದೀಪಾವಳಿಯವರೆಗೂ ಸುರಿಯುತ್ತದೆ. ಚಳಿಯನ್ನೂ ನಂಬುವಂತಿಲ್ಲ. ಎಂದೂ ತಪ್ಪದ ಲೆಕ್ಕ ಒಂದೇ: ಇರುಳಿನ ಉದ್ದ. ಸೇವಂತಿಗೆ ನೆಚ್ಚಿಕೊಂಡಿರುವುದು ಅದನ್ನೇ!

1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ಈ ಗುಟ್ಟನ್ನು ಲೋಕಕ್ಕೆ ತಿಳಿಸಿದರು. ಬೇಸಿಗೆಯಿಡೀ ಎತ್ತರಕ್ಕೆ ಬೆಳೆದು ಹೂವನ್ನೇ ಬಿಡದ ಒಂದು ಹೊಗೆಸೊಪ್ಪಿನ ತಳಿ ಅವರ ಬಳಿ ಇತ್ತು. ಅದನ್ನು ದಿನದ ಕೆಲವು ಗಂಟೆ ಕತ್ತಲ ಗೂಡಿನಲ್ಲಿಟ್ಟು ಹಗಲನ್ನು ಮೊಟಕು ಮಾಡಿದರು, ಅಷ್ಟೇ. ಹೂ ಬಂತು. ಆದರೆ ಗಿಡ ಅಳೆಯುವುದು ಹಗಲನ್ನೋ ಇರುಳನ್ನೋ? 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್, ಬಟ್ಟೆಗೆ ಅಂಟುವ ಮುಳ್ಳುಕಾಯಿಯ ಒಂದು ಕಳೆಗಿಡದ ಮೇಲೆ ಪ್ರಯೋಗ ಮಾಡಿದರು. ಉದ್ದ ಇರುಳಿನ ನಡುವೆ ಚೂರು ಹೊತ್ತು ಬೆಳಕು ಬಿಟ್ಟರೆ ಸಾಕು, ಹೂವೇ ಇಲ್ಲ! ಹಗಲಿನ ನಡುವೆ ಕತ್ತಲೆ ಕವಿಸಿದರೆ ಗಿಡಕ್ಕೆ ಅದರ ಪರಿವೆಯೇ ಇಲ್ಲ. ಬೇಕಾದದ್ದು ಕತ್ತಲು, ಅದೂ ನಡುವೆ ಕಡಿಯದ, ಇಡಿಯಾದ ಕತ್ತಲು.

ಕಣ್ಣೇ ಇಲ್ಲದ ಗಿಡ ಕತ್ತಲನ್ನು ಕಾಣುವುದು ಎಲ್ಲಿಂದ? ಉತ್ತರ ಕೊಟ್ಟದ್ದು ಸೇವಂತಿಗೆಯೇ. 1930ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಮಿಖಾಯಿಲ್ ಚೈಲಖ್ಯಾನ್ ಗಿಡದ ಮೇಲ್ಭಾಗದ ಎಲೆಗಳನ್ನು ತೆಗೆದುಹಾಕಿ ತುದಿಯನ್ನು ಉದ್ದ ಹಗಲಿನಲ್ಲಿ ಬಿಟ್ಟರು. ಕೆಳಗಿನ ಎಲೆಗಳಿಗೆ ಮಾತ್ರ ಉದ್ದ ಇರುಳು ಕೊಟ್ಟರು. ಮೊಗ್ಗು ಬಂದದ್ದು ತುದಿಯಲ್ಲಿ! ಕತ್ತಲನ್ನು ಕಂಡದ್ದು ಎಲೆ, ಅರಳಿದ್ದು ತುದಿ. ನಡುವೆ ಏನೋ ಒಂದು ಸುದ್ದಿ ಹರಿದಿರಲೇಬೇಕು ಎಂದುಕೊಂಡು ಅದಕ್ಕೆ ಫ್ಲೋರಿಜೆನ್ ಎಂದು ಹೆಸರಿಟ್ಟರು. ಆ ಸುದ್ದಿಗಾರನನ್ನು ಹಿಡಿಯಲು ಎಪ್ಪತ್ತು ವರ್ಷ ಬೇಕಾಯಿತು. ಎಲೆಯಲ್ಲಿ ಹುಟ್ಟಿ ಕಾಂಡದೊಳಗೆ ಸಾಗುವ ಒಂದು ಪ್ರೋಟೀನು ಅದೆಂದು 2007ರಲ್ಲಿ ತೋರಿಸಿಕೊಟ್ಟ ಗಿಡಗಳಲ್ಲಿ ನಮ್ಮ ಅನ್ನದ ಭತ್ತವೂ ಒಂದು.

ಎಲೆಯೊಳಗಿನ ಕಣ್ಣಿನ ಹೆಸರು ಫೈಟೋಕ್ರೋಮ್. ನೀಲಿಹಸಿರು ಬಣ್ಣದ ಈ ಪ್ರೋಟೀನು ಕೆಂಪು ಬೆಳಕು ಬಿದ್ದರೆ ಒಂದು ರೂಪ ತಾಳುತ್ತದೆ. ನಮ್ಮ ಕಣ್ಣಿಗೆ ಕಂಡೂ ಕಾಣದ ಕಡುಗೆಂಪು ಬೆಳಕು ಬಿದ್ದರೆ ಹಿಂದಿನ ರೂಪಕ್ಕೆ ಮರಳುತ್ತದೆ. ನಡುರಾತ್ರಿ ಕೆಂಪು ಬೆಳಕು ಹಾಯಿಸಿದರೆ ಹೂ ನಿಲ್ಲುತ್ತದೆ. ಬೆನ್ನಿಗೇ ಕಡುಗೆಂಪು ಹಾಯಿಸಿದರೆ ಮತ್ತೆ ಹೂ! ಕೊನೆಯಲ್ಲಿ ಬಿದ್ದ ಬೆಳಕಿನದೇ ಕೊನೆಯ ಮಾತು.

ಸೇವಂತಿಗೆಯ ತವರು ಚೀನಾ. ಅಲ್ಲಿ ಬೇಸಿಗೆಯ ಹಗಲು ಬಹಳ ಉದ್ದ. ಅದು ಕುಗ್ಗಿದಂತೆ ಮೊಗ್ಗು ಮೂಡಿ, ಅವರ ಪಂಚಾಂಗದ ಒಂಬತ್ತನೇ ತಿಂಗಳಿನ ಹಬ್ಬಕ್ಕೆ ಸರಿಯಾಗಿ ಹೂ ಬಿಡುತ್ತದೆ. ನಮ್ಮಲ್ಲಿ? ಬೆಂಗಳೂರಿನ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ, ಅಷ್ಟೇ. ಜೂನ್‌ನಲ್ಲೂ ಇರುಳು ಹನ್ನೊಂದು ಗಂಟೆ ದಾಟುತ್ತದೆ. ಹಲವು ತಳಿಗಳಿಗೆ ಅಷ್ಟೇ ಸಾಕು. ಗೇಣುದ್ದ ಬೆಳೆಯುವಷ್ಟರಲ್ಲಿ ಮೊಗ್ಗಿನ ಅವಸರ! ಅದಕ್ಕೇ ಕೋಲಾರ, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋಗುವವರಿಗೆ ಆ ಬೆರಗಿನ ನೋಟ: ಹೊಲದ ತುಂಬ ಸಾಲುಸಾಲು ಬಲ್ಬು. ಜಾತ್ರೆಯಲ್ಲ, ಮದುವೆಯಲ್ಲ. ಬೆಳೆಗಾರರು ಇರುಳನ್ನು ನಡುವೆ ತುಂಡರಿಸಿ, ಹೂವಿನ ಹೊತ್ತು ಇನ್ನೂ ಬಂದಿಲ್ಲವೆಂದು ಗಿಡವನ್ನು ನಂಬಿಸುತ್ತಿದ್ದಾರೆ. ಗಿಡ ಮೈತುಂಬಿ ಕವಲೊಡೆದ ಮೇಲೆ, ಹಬ್ಬದಿಂದ ಹಿಂದಕ್ಕೆ ವಾರಗಳನ್ನು ಎಣಿಸಿ, ಒಂದು ರಾತ್ರಿ ಸ್ವಿಚ್ ಆರಿಸುತ್ತಾರೆ. ತಳಿಗೆ ತಕ್ಕಂತೆ ಎರಡು ತಿಂಗಳ ಆಸುಪಾಸಿನಲ್ಲಿ ಹೊಲವೆಲ್ಲ ಹಳದಿ. ಪ್ರಯೋಗಾಲಯದ ದೊಡ್ಡ ಶೋಧವೊಂದು ನಮ್ಮ ಹೊಲಗಳಲ್ಲಿ ಹೀಗೆ ಮಿನುಗುತ್ತಿರುವುದನ್ನು ನೋಡಿ ಮೈ ಜುಮ್ಮೆನ್ನದಿದ್ದರೆ ಹೇಗೆ!

ನಿಮ್ಮ ಬಾಲ್ಕನಿಯ ಕುಂಡದಲ್ಲೂ ಇದನ್ನು ಮಾಡಿ ನೋಡಬಹುದು. ಸೇವಂತಿಗೆ ಬರೀ ಸೊಪ್ಪು ಬಿಟ್ಟು ಮೊಗ್ಗು ಕಟ್ಟದೆ ನಿಂತಿದ್ದರೆ, ಗೊಬ್ಬರ ಸುರಿಯುವ ಮೊದಲು ರಾತ್ರಿ ಒಮ್ಮೆ ಎದ್ದು ಹೊರಗೆ ನೋಡಿ. ಬೀದಿದೀಪದ ಬೆಳಕು ಎಲೆಗಳ ಮೇಲೆ ಬೀಳುತ್ತಿದೆಯೇ? ಹಾಗಿದ್ದರೆ ಕುಂಡವನ್ನು ಹಗಲು ಬಿಸಿಲು ಬೀಳುವ, ರಾತ್ರಿ ಯಾವ ದೀಪವೂ ತಾಕದ ಕಡೆಗೆ ಸರಿಸಿ. ಕೆಲವು ವಾರ ಬಿಟ್ಟು ತುದಿಗಳನ್ನು ಹತ್ತಿರದಿಂದ ನೋಡಿ: ಎಲೆಗಳ ನಡುವೆ ಹಸಿರು ಗುಂಡಿಯೊಂದು ಬಿಗಿದು ಕೂತಿರುತ್ತದೆ.