ಶ್ರೀಲಂಕಾ: ಕುರ್ಚಿ ಜಗಳದಿಂದ ಖಾಲಿ ಖಜಾನೆಯವರೆಗೆ

2019ರ ಲೋಕಸಭಾ ಚುನಾವಣೆ ನಮ್ಮ ರಾಜ್ಯದಲ್ಲಿ ಎರಡು ಹಂತಗಳಲ್ಲಿ ನಡೆಯಿತು. ಬೆಂಗಳೂರು ಕಡೆ ಏಪ್ರಿಲ್ 18ಕ್ಕೆ ಮತದಾನ ಮುಗಿದಿತ್ತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದವರು ಮತ ಹಾಕಬೇಕಾದದ್ದು 23ಕ್ಕೆ. ಪ್ರಚಾರದ ಓಡಾಟ ಮುಗಿಸಿದ ಬೆಂಗಳೂರು ಕಡೆಯ ಕೆಲವು ಜೆಡಿಎಸ್ ಕಾರ್ಯಕರ್ತರು ನಾಲ್ಕು ದಿನ ವಿಶ್ರಾಂತಿಗೆಂದು ಕೊಲಂಬೊಗೆ ಹೋದರು. 21ರ ಭಾನುವಾರ, ಈಸ್ಟರ್ ಹಬ್ಬದ ಬೆಳಿಗ್ಗೆ, ಮೂರು ಚರ್ಚ್ ಮತ್ತು ಮೂರು ದೊಡ್ಡ ಹೋಟೆಲ್‌ಗಳಲ್ಲಿ ಆತ್ಮಾಹುತಿ ಬಾಂಬ್‌ಗಳು ಸಿಡಿದವು. 260ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನಮ್ಮ ರಾಜ್ಯದ ಈ ಕಾರ್ಯಕರ್ತರೂ ಇದ್ದರು.

ದಾಳಿಯ ಸುಳಿವು ಮೊದಲೇ ಸಿಕ್ಕಿತ್ತು. ಏಪ್ರಿಲ್ 4ರಂದೇ ಭಾರತದ ಗುಪ್ತಚರ ಇಲಾಖೆ ಶ್ರೀಲಂಕಾಕ್ಕೆ ಎಚ್ಚರಿಕೆ ಕೊಟ್ಟಿತ್ತು. ಜಹ್ರಾನ್ ಹಾಶಿಮ್ ಎಂಬವನ ಗುಂಪು ಚರ್ಚ್‌ಗಳ ಮೇಲೆ ದಾಳಿ ಮಾಡಬಹುದು ಎಂದು ಅದರಲ್ಲಿತ್ತು. ಇನ್ನೂ ಮುಖ್ಯವಾದ ಮಾತೆಂದರೆ, ಅವನ ಊರಾದ ಕಾತ್ತಾನ್‌ಕುಡಿಯ ಮುಸ್ಲಿಮರು ವರ್ಷಗಳ ಹಿಂದೆಯೇ ಅವನ ವಿರುದ್ಧ ಪೊಲೀಸರಿಗೆ ದೂರು ಕೊಟ್ಟಿದ್ದರು. ಇದು ನಮ್ಮ ಕಡೆ ಹೆಚ್ಚು ಜನರಿಗೆ ಗೊತ್ತಿಲ್ಲ, ಗೊತ್ತಾಗಬೇಕು.

ಹಾಗಾದರೆ ತಡೆಯಲು ಏಕೆ ಆಗಲಿಲ್ಲ? ಅಧ್ಯಕ್ಷ ಮೈತ್ರಿಪಾಲ ಸಿರಿಸೇನ ಮತ್ತು ಪ್ರಧಾನಿ ರನಿಲ್ ವಿಕ್ರಮಸಿಂಘೆ ನಡುವೆ ಮಾತೇ ನಿಂತಿತ್ತು. 2018ರ ಅಕ್ಟೋಬರ್‌ನಲ್ಲಿ ಸಿರಿಸೇನ ಪ್ರಧಾನಿಯನ್ನು ವಜಾ ಮಾಡಿ ಮಹಿಂದ ರಾಜಪಕ್ಸೆಯನ್ನು ಆ ಕುರ್ಚಿಯಲ್ಲಿ ಕೂರಿಸಿದರು, ಆಮೇಲೆ ಸಂಸತ್ತನ್ನೂ ವಿಸರ್ಜಿಸಿದರು. ವಿಸರ್ಜನೆ ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಡಿಸೆಂಬರ್‌ನಲ್ಲಿ ರನಿಲ್ ವಾಪಸ್ ಬಂದರು. ಆದರೆ ರಾಷ್ಟ್ರೀಯ ಭದ್ರತಾ ಮಂಡಳಿಯ ಸಭೆಗೆ ಅವರನ್ನು ಕರೆಯುವುದನ್ನೇ ಬಿಟ್ಟರು. ಪೊಲೀಸ್ ಇಲಾಖೆಯಲ್ಲಿ ಓಡಾಡಿದ ಎಚ್ಚರಿಕೆಯ ಪತ್ರ ತನ್ನ ತನಕ ಬರಲೇ ಇಲ್ಲ ಎಂದು ದೇಶದ ಪ್ರಧಾನಿಯೇ ಹೇಳಿದರು.

ಬಾಂಬಿನ ಪೆಟ್ಟು ಅಲ್ಲಿಗೇ ನಿಲ್ಲಲಿಲ್ಲ. ಮೇ ತಿಂಗಳಲ್ಲಿ ಗಲಭೆಕೋರರು ಮುಸ್ಲಿಮರ ಅಂಗಡಿ, ಮನೆ, ಮಸೀದಿಗಳನ್ನು ಸುಟ್ಟರು. ದೂರು ಕೊಟ್ಟ ಸಮುದಾಯವೇ ಶಿಕ್ಷೆಯನ್ನೂ ಅನುಭವಿಸಿತು.

ಇನ್ನು ವಾಣಿಜ್ಯ ವಿದ್ಯಾರ್ಥಿಗಳ ವಿಷಯ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಒಂದು ವರ್ಷ ಜನ ಬರಲಿಲ್ಲ ಎಂದುಕೊಳ್ಳಿ. ಬಳೆ, ಭಂಡಾರ, ತೆಂಗಿನಕಾಯಿ ಮಾರುವವರಿಂದ ಹಿಡಿದು ಟೆಂಪೋ ಓಡಿಸುವವರ ತನಕ ಎಲ್ಲರ ಗಲ್ಲಾ ಖಾಲಿ. ಶ್ರೀಲಂಕಾಕ್ಕೆ ಪ್ರವಾಸಿಗರು ಅಂಥ ಆದಾಯ, ಅದೂ ಡಾಲರ್‌ನಲ್ಲಿ. 2018ರಲ್ಲಿ ಸುಮಾರು 23 ಲಕ್ಷ ಪ್ರವಾಸಿಗರು ಬಂದಿದ್ದರು. ದಾಳಿಯ ನಂತರ ಸಂಖ್ಯೆ ಇಳಿಯಿತು, ಕೊರೋನಾ ಬಂದ ಮೇಲೆ ಬಹುತೇಕ ನಿಂತೇ ಹೋಯಿತು. ದ್ವೀಪವಾದ್ದರಿಂದ ಪೆಟ್ರೋಲ್, ಔಷಧ, ಗೊಬ್ಬರ ಎಲ್ಲವೂ ಹಡಗಿನಲ್ಲೇ ಬರಬೇಕು, ಅದಕ್ಕೆ ಡಾಲರ್ ಬೇಕು.

ಭದ್ರತೆ ಕೊಡುತ್ತೇನೆಂದು 2019ರ ನವೆಂಬರ್‌ನಲ್ಲಿ ಗೆದ್ದ ಗೋಟಬಯ ರಾಜಪಕ್ಸೆ ಬಂದ ಕೂಡಲೇ ವ್ಯಾಟ್ ಅನ್ನು ಶೇ. 15ರಿಂದ 8ಕ್ಕೆ ಇಳಿಸಿದರು. ಜನ ಖುಷಿಪಟ್ಟರು, ಸರ್ಕಾರದ ಆದಾಯ ಬಿತ್ತು. 2021ರ ಏಪ್ರಿಲ್‌ನಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನೇ ನಿಷೇಧಿಸಿದರು. ಯೂರಿಯಾ ಒಂದು ವಾರ ತಡವಾದರೆ ನಮ್ಮ ರೈತರು ಎಷ್ಟು ಕಂಗಾಲಾಗುತ್ತಾರೆ ಎಂಬುದು ನಮಗೆ ಗೊತ್ತು. ಅಲ್ಲಿ ತಿಂಗಳುಗಟ್ಟಲೆ ಇಲ್ಲ. ಭತ್ತದ ಇಳುವರಿ ಕುಸಿಯಿತು, ತನಗೆ ಸಾಕಾಗುವಷ್ಟು ಅಕ್ಕಿ ಬೆಳೆಯುತ್ತಿದ್ದ ದೇಶ ಹೊರಗಿನಿಂದ ಅಕ್ಕಿ ತರಿಸಿತು. ಅದಕ್ಕೂ ಡಾಲರ್!

2022ರ ಮಾರ್ಚ್ ಆರಂಭದಲ್ಲಿ ಒಂದು ಡಾಲರ್‌ಗೆ ಸುಮಾರು 200 ಶ್ರೀಲಂಕಾ ರೂಪಾಯಿ ಇತ್ತು, ಮೇ ಹೊತ್ತಿಗೆ 360ರ ಹತ್ತಿರ. ಏಪ್ರಿಲ್ 12ರಂದು ವಿದೇಶಿ ಸಾಲದ ಕಂತು ಕಟ್ಟಲಾಗದು ಎಂದು ಸರ್ಕಾರ ಘೋಷಿಸಿತು. ಕಿರಾಣಿ ಅಂಗಡಿಯವನು ಉದ್ರಿ ನಿಲ್ಲಿಸಿದಂತೆ ಹೊರಗಿನ ಸಾಲವೂ ನಿಂತಿತು. ಜುಲೈ 9ಕ್ಕೆ ಜನ ಅಧ್ಯಕ್ಷರ ಮನೆಗೇ ನುಗ್ಗಿದರು. 13ರಂದು ಗೋಟಬಯ ಸೇನಾ ವಿಮಾನದಲ್ಲಿ ಮಾಲ್ಡೀವ್ಸ್‌ಗೆ ಓಡಿದರು. ಭಾರತ ಆ ವರ್ಷ ಸುಮಾರು 400 ಕೋಟಿ ಡಾಲರ್ ನೆರವು ಕೊಟ್ಟಿತು. ಐಎಂಎಫ್ ಸಾಲ ಸಿಕ್ಕಿದ್ದು 2023ರ ಮಾರ್ಚ್‌ನಲ್ಲಿ.

ಅದೇ ವರ್ಷದ ಜನವರಿಯಲ್ಲಿ ಶ್ರೀಲಂಕಾ ಸುಪ್ರೀಂ ಕೋರ್ಟ್ ಈಸ್ಟರ್ ದಾಳಿಯ ತೀರ್ಪು ಕೊಟ್ಟಿತು. ಸುಳಿವು ಇದ್ದೂ ದಾಳಿ ತಡೆಯಲಿಲ್ಲ ಎಂದು ಮಾಜಿ ಅಧ್ಯಕ್ಷ ಸಿರಿಸೇನ 10 ಕೋಟಿ ಶ್ರೀಲಂಕಾ ರೂಪಾಯಿ ಪರಿಹಾರವನ್ನು ತಮ್ಮ ಸ್ವಂತ ಹಣದಿಂದ ಕಟ್ಟಬೇಕು ಎಂದಿತು.