ಅಡಿಕೆ ತೋಟದ ಹಸಿರಿಗೆ ಊರಿನ ಕಾಲುವೆಯೇ ಆಧಾರ

ಮಲೆನಾಡು ಹಾಗೂ ಕರಾವಳಿಯ ಕಣಿವೆಗಳಲ್ಲಿ ಮಳೆಗೆ ಕೊರತೆಯಿಲ್ಲ. ಆದರೂ ಒಂದೇ ಕಣಿವೆಯಲ್ಲಿ ಮೇಲಿನ ತೋಟ ದಟ್ಟ ಹಸಿರಾಗಿದ್ದು, ಕೆಳಗಿನ ತೋಟದ ಸೋಗೆಗಳು ಹಳದಿಗೆ ತಿರುಗಿರುವುದನ್ನು ಸದಸ್ಯರು ಗಮನಿಸಿರಬಹುದು. ಇದಕ್ಕೆ ಪೋಷಕಾಂಶಗಳ ಕೊರತೆ, ರೋಗ ಮುಂತಾದ ಕಾರಣಗಳೂ ಇರಬಹುದು. ಆದರೆ ಮೊದಲು ಪರಿಶೀಲಿಸಬೇಕಾದುದು ನೀರು ಬಸಿದುಹೋಗುವ ವ್ಯವಸ್ಥೆಯನ್ನು.

ಅಡಿಕೆ ಮರಕ್ಕೆ ತಾಯಿಬೇರಿಲ್ಲ. ಬುಡದಿಂದ ಹೊರಡುವ ನಾರುಬೇರುಗಳಲ್ಲಿ ಬಹುಪಾಲು ಬುಡದ ಸುತ್ತಲೇ ಹರಡಿರುತ್ತವೆ. ನೀರು ನಿಂತಲ್ಲಿ ಮಣ್ಣಿನೊಳಗೆ ಗಾಳಿಯಾಡದೆ ಬೇರುಗಳು ಕೊಳೆಯುತ್ತವೆ. ಅನಂತರ ಎಷ್ಟೇ ಗೊಬ್ಬರ ಹಾಕಿದರೂ ಅದು ಮರಕ್ಕೆ ದಕ್ಕುವುದಿಲ್ಲ. ಆದುದರಿಂದ 2.7 ಮೀಟರ್ ಅಂತರದಲ್ಲಿ ಸಸಿ ನೆಡುವಾಗಲೇ ಸಾಲುಗಳ ನಡುವೆ, ನಾಟಿ ಗುಂಡಿಯ ತಳಕ್ಕಿಂತ ಆಳವಾಗಿ ಬಸಿಗಾಲುವೆ ತೆಗೆಯುವುದು ಅವಶ್ಯಕ.

ಆದರೆ ಬಸಿಗಾಲುವೆಯ ನೀರು ಕೊನೆಗೆ ಸೇರುವುದು ಊರಿನ ಹಳ್ಳಕ್ಕೆ ಅಥವಾ ಸಾಮೂಹಿಕ ಕಾಲುವೆಗೆ. ಅಲ್ಲಿ ಹೂಳು ತುಂಬಿದ್ದರೆ ಒಬ್ಬ ರೈತನ ಶ್ರಮ ವ್ಯರ್ಥವಾಗುತ್ತದೆ. ಇಲ್ಲಿ ಗ್ರಾಮ ಪಂಚಾಯಿತಿಯ ಹೊಣೆ ಆರಂಭವಾಗುತ್ತದೆ.

ಕೊಳೆರೋಗಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮಳೆಹನಿ ಮತ್ತು ಗಾಳಿಯ ಮೂಲಕ ಹರಡುವ ಈ ರೋಗಕ್ಕೆ ಬೇಲಿಯ ಅಡ್ಡಿಯಿಲ್ಲ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು 20ನೆಯ ಶತಮಾನದ ಆರಂಭದಲ್ಲಿಯೇ ಇದರ ಅಧ್ಯಯನ ನಡೆಸಿದ್ದರು. ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮುಂಗಾರಿಗೆ ಮುನ್ನ ಒಮ್ಮೆ, 40ರಿಂದ 45 ದಿನಗಳ ಬಳಿಕ ಇನ್ನೊಮ್ಮೆ ಗೊನೆಗಳಿಗೆ ಸಿಂಪಡಿಸಬೇಕು. ಉದುರಿದ ರೋಗಪೀಡಿತ ಕಾಯಿಗಳನ್ನು ಆರಿಸಿ ನಾಶಪಡಿಸಬೇಕು. ಒಂದು ತೋಟದಲ್ಲಿ ಈ ಕೆಲಸ ನಿಂತರೂ ನೆರೆಯ ತೋಟಗಳಿಗೆ ಅಪಾಯ ತಪ್ಪಿದ್ದಲ್ಲ.

ಮಳೆಗಾಲದಲ್ಲಿ ಹೊರಹೋಗಬೇಕಾದ ನೀರೇ ಬೇಸಿಗೆಯಲ್ಲಿ ತೋಟಕ್ಕೆ ಬೇಕು. ಮಳೆ ನಿಂತು ಹಳ್ಳದ ಹರಿವು ಇಳಿದಾಗ ಅಡ್ಡಲಾಗಿ ಕಟ್ಟ ಕಟ್ಟಿ ನೀರು ನಿಲ್ಲಿಸುವ ಹಿರಿಯರ ಪದ್ಧತಿ ಬಾವಿಗಳಿಗೂ ಆಸರೆ. ಮುಂಗಾರಿಗೆ ಮೊದಲು ಅದನ್ನು ತೆರವುಗೊಳಿಸುವುದೂ ಅಷ್ಟೇ ಮುಖ್ಯ.

ಆದುದರಿಂದ ಸದಸ್ಯರು ತಮ್ಮ ವಾರ್ಡಿನ ಕಾಲುವೆಗಳನ್ನು ಬೇಸಿಗೆಯಲ್ಲಿಯೇ ನಡೆದು ನೋಡಿ, ಹೂಳು ತುಂಬಿದ ಸ್ಥಳಗಳನ್ನು ಪಟ್ಟಿ ಮಾಡಿ, ಗ್ರಾಮಸಭೆಯ ಮುಂದಿಟ್ಟು ಕ್ರಿಯಾ ಯೋಜನೆಯಲ್ಲಿ ಸೇರಿಸುವುದು ಸೂಕ್ತ. ಸಿಂಪಡಣೆಯ ದಿನಗಳನ್ನೂ ನೆರೆಹೊರೆಯ ರೈತರು ಒಟ್ಟಾಗಿ ನಿಶ್ಚಯಿಸುವಂತೆ ಪ್ರೇರೇಪಿಸಬಹುದು. ಮೇಲಿನ ತೋಟದ ನೀರು ಕೆಳಗಿನ ತೋಟವನ್ನು ಹಾದೇ ಹೋಗಬೇಕು. ಅದಕ್ಕೆ ದಾರಿ ಮಾಡಿಕೊಡುವುದು ಊರಿನ ಕೆಲಸ.