ನಿಮಗಿದು ಗೊತ್ತೆ? ವರ್ಗಾವಣೆಯ ಮಕ್ಕಳಿಗೊಂದು ಶಾಲೆ

ಕಾರವಾರ–ಅಂಕೋಲಾ ನಡುವಿನ ಅರಗಾದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ 2005ರಲ್ಲಿ ಶುರುವಾಯಿತು. ಅತ್ತ ಕಾಳಿ ನದಿಯ ದಂಡೆಯಲ್ಲಿ ಕೈಗಾ ಅಣುಸ್ಥಾವರ 2000ದಿಂದ ವಿದ್ಯುತ್ ಕೊಡುತ್ತಿದೆ. ಎರಡೂ ಕಡೆ ನೌಕರರು ದೇಶದ ಮೂಲೆಮೂಲೆಯವರು. ಇಂದು ವಿಶಾಖಪಟ್ಟಣ, ನಾಳೆ ಕಾರವಾರ, ನಾಡಿದ್ದು ಕೊಚ್ಚಿ. ಹಾಗಾದರೆ ಮಕ್ಕಳ ಓದು?

ಇದಕ್ಕೆಂದೇ ಕದಂಬದಲ್ಲಿ ಕೇಂದ್ರೀಯ ವಿದ್ಯಾಲಯವಿದೆ, ಕೈಗಾ ನೌಕರರಿಗೆ ಮಲ್ಲಾಪುರದ ಟೌನ್‌ಶಿಪ್‌ನಲ್ಲಿ ಅಣುಶಕ್ತಿ ಕೇಂದ್ರೀಯ ಶಾಲೆಯಿದೆ. ಊರು ಬದಲಾದರೂ ಸಿಬಿಎಸ್‌ಇ ಪಠ್ಯ ಬದಲಾಗದು. ಕೇಂದ್ರೀಯ ವಿದ್ಯಾಲಯದ ಮಕ್ಕಳು ವರ್ಷದ ನಡುವೆ ಪೋಷಕರಿಗೆ ವರ್ಗವಾದರೆ ಟಿ.ಸಿ. ಹಿಡಿದು ಇನ್ನೊಂದೂರಿನ ಕೇಂದ್ರೀಯ ವಿದ್ಯಾಲಯಕ್ಕೆ ಸೇರಬಹುದು.

ಸ್ವಾರಸ್ಯ ಇಲ್ಲಿದೆ: ಕೇಂದ್ರೀಯ ವಿದ್ಯಾಲಯದ ಪ್ರವೇಶದಲ್ಲಿ ಹಿಂದಿನ ಏಳು ವರ್ಷಗಳಲ್ಲಿ ಪೋಷಕರಿಗೆ ಎಷ್ಟು ಸಲ ವರ್ಗಾವಣೆ ಆಗಿದೆ ಎಂದು ಎಣಿಸುತ್ತಾರೆ. ಹೆಚ್ಚು ಅಲೆದವರ ಮಗುವಿಗೆ ಆದ್ಯತೆ! ವರ್ಗಾವಣೆಯಿಂದ ಲಾಭವಾಗುವುದು ಬಹುಶಃ ಇಲ್ಲೊಂದೇ ಕಡೆ. ಭಾರತ ಸರ್ಕಾರದ ಆಹ್ವಾನದ ಮೇಲೆ ಬಂದ ವಿದೇಶಿ ಅಧಿಕಾರಿಗಳ ಮಕ್ಕಳಿಗೂ ಅವಕಾಶವುಂಟು.

1963ರಲ್ಲಿ ಸೇನೆಯ 20 ರೆಜಿಮೆಂಟಲ್ ಶಾಲೆಗಳನ್ನು ವಹಿಸಿಕೊಂಡು ಆರಂಭವಾದ ವ್ಯವಸ್ಥೆ ಈ ಕೇಂದ್ರೀಯ ವಿದ್ಯಾಲಯಗಳದು. ಕಠ್ಮಂಡು, ಮಾಸ್ಕೋ, ಟೆಹರಾನ್‌ಗಳಲ್ಲೂ ಇದರ ಶಾಲೆಗಳಿವೆ.

ಜಗತ್ತಿನ ಮಟ್ಟದಲ್ಲಿ ಇಂಥ ಯೋಚನೆ ಇನ್ನೂ ಹಳೆಯದು. ರಾಷ್ಟ್ರಸಂಘದ (ಲೀಗ್ ಆಫ್ ನೇಷನ್ಸ್) ನೌಕರರ ಮಕ್ಕಳಿಗಾಗಿ ಜಿನೀವಾದಲ್ಲಿ 1924ರಲ್ಲೇ ಅಂತರರಾಷ್ಟ್ರೀಯ ಶಾಲೆ ತೆರೆದಿತ್ತು. ದೇಶ ಬದಲಿಸುವ ವಿದ್ಯಾರ್ಥಿಗಳಿಗೆ ನೆರವಾಗುವ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಡಿಪ್ಲೊಮಾ ರೂಪುಗೊಂಡದ್ದೂ ಅದೇ ಊರಿನಲ್ಲಿ, 1968ರಲ್ಲಿ. ಭಾರತದಲ್ಲಿ ಅದನ್ನು ಮೊದಲು ಅಳವಡಿಸಿಕೊಂಡದ್ದು ಕೊಡೈಕೆನಾಲ್‌ನ ಶಾಲೆ, 1976ರಲ್ಲಿ.